ಅಳತಿ ಅದ ಇತ್ತು, ಮದ್ದು ಬ್ಯಾರೆ ಇತ್ತು

(ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರರೂಪ. ಮಾತನಾಡಿದವರು ಕೊಪ್ಪಳ ಜಿಲ್ಲೆಯ ಒಬ್ಬ ರಸಾಯನಶಾಸ್ತ್ರ ಉಪನ್ಯಾಸಕರು.)

 

ನಾನು ಗಂಗಾವತಿಯಲ್ಲಿ ಪಿಯುಸಿ ಮಕ್ಕಳಿಗೆ ಕೆಮಿಸ್ಟ್ರಿ ಹೇಳೋನು. ನಮ್ಮೂರು ಯಲಬುರ್ಗಾ ತಾಲ್ಲೂಕಿನ ಒಂದು ಹಳ್ಳಿ. ಸ್ವಲ್ಪ ದಿನದ ಹಿಂದೆ ಕ್ಲಾಸ್ ಮುಗಿಸಿ ಹೊರಗೆ ಬರ್ತಿದ್ದೆ. ಒಬ್ಬ ಹುಡುಗ ಹಿಂದಿನಿಂದ ಓಡಿ ಬಂದ. "ಸರ್, ಒಂದು ನಿಮಿಷ, ಇದನ್ನ ನೋಡ್ರಿ" ಅಂತ ಮೊಬೈಲ್ ಮುಂದೆ ಹಿಡಿದ.

ಅಮೆರಿಕದ ಒಬ್ಬ ಮನುಷ್ಯ. ತನ್ನ ಮನೆಯ ಶೆಡ್ಡಿನಲ್ಲಿ ಟೇಬಲ್ ಮುಂದೆ ಕುಂತಿದ್ದಾನೆ. ಹಾರಿಸಿ ಖಾಲಿಯಾದ ಹಿತ್ತಾಳೆ ಕಾಡತೂಸುಗಳಿಗೆ ಮತ್ತೆ ಮದ್ದು ತುಂಬ್ತಿದ್ದಾನೆ. ಅಲ್ಲಿ ಇದಕ್ಕೆ ರೀಲೋಡಿಂಗ್ ಅಂತಾರೆ. ಅವನ ಹಿಂದಿನ ಕಪಾಟಿನಲ್ಲಿ ಬೇರೆ ಬೇರೆ ಹೆಸರಿನ ಹತ್ತು ಹನ್ನೆರಡು ಪೌಡರ್ ಡಬ್ಬಿ. ನಮ್ಮ ಹುಡುಗನ ಪ್ರಶ್ನೆ ಇಷ್ಟೇ: "ಸರ್, ಇಷ್ಟು ಪೌಡರ್‌ನಾಗ ಎಲ್ಲಕ್ಕಿಂತ ಸ್ಟ್ರಾಂಗ್ ಯಾವ್ದು?"

ನಾನು ತಕ್ಷಣ ಉತ್ತರ ಕೊಡಲಿಲ್ಲ. ಯಾಕಂದ್ರೆ ಇದೇ ಪ್ರಶ್ನೆಯನ್ನು ನಾನು ಒಂಬತ್ತು ವರ್ಷದವನಿದ್ದಾಗ ಕೇಳಿದ್ದೆ. ಕೇಳಿದವರು ನಮ್ಮ ಕಾಕಾ. ಆ ಪ್ರಶ್ನೆಗೆ ಅವತ್ತು ಒಬ್ಬರು ಉತ್ತರ ಕೊಟ್ಟರು. ಆ ಉತ್ತರದಿಂದ ಕಾಕಾನ ಎಡಗೈಯ ಎರಡು ಬೆರಳು ಹೋದವು, ಒಂದು ಕಣ್ಣು ಹೋಯ್ತು.

ಇವತ್ತು ಆ ಕಥೆ ಹೇಳ್ತೀನಿ. ಜೊತೆಗೆ ಆ ಹುಡುಗನಿಗೆ ಆಮೇಲೆ ಕುಂತು ಹೇಳಿದ ಉತ್ತರವನ್ನೂ ಹೇಳ್ತೀನಿ.

ಶೇಂಗಾ ಹೊಲ, ಹಂದಿ ಕಾಟ

1994. ಆಗಿನ್ನೂ ನಮ್ಮದು ರಾಯಚೂರು ಜಿಲ್ಲೆ. ಕೊಪ್ಪಳ ಬೇರೆ ಜಿಲ್ಲೆ ಆಗಿದ್ದು 1997ರಲ್ಲಿ. ನಮ್ಮ ಅಜ್ಜನ ಹತ್ತಿರ ಒಂದು ಮದ್ದು ಜಡಿಯೋ ಬಂದೂಕು ಇತ್ತು. ಬೆಳೆ ಕಾಯೋದಕ್ಕೆ ಅಂತ ಲೈಸೆನ್ಸ್ ಇದ್ದದ್ದು. ಎಲೆಕ್ಷನ್ ಬಂತಂದ್ರೆ ಅಜ್ಜ ಅದನ್ನ ಗೋಣಿಚೀಲದಾಗ ಸುತ್ತಿ ಪೊಲೀಸ್ ಠಾಣೆಗೆ ಇಟ್ಟು ಬರ್ತಿದ್ದ, ಮುಗಿದ ಮೇಲೆ ತರ್ತಿದ್ದ.

ಈ ಬಂದೂಕಿಗೆ ಕಾಡತೂಸು ಇಲ್ಲ. ನಳಿಗೆಯ ಬಾಯಿಂದ ಕರಿಮದ್ದು ಹಾಕಬೇಕು, ಚಿಂದಿ ತುರುಕಬೇಕು, ಚರೆ ಹಾಕಬೇಕು, ಕಂಬಿಯಿಂದ ಜಡಿಯಬೇಕು. ಮದ್ದು ಅಳೆಯೋಕೆ ಅಜ್ಜನ ಹತ್ತಿರ ಒಂದು ಸಣ್ಣ ಹಿತ್ತಾಳೆ ಕೊಳವೆ ಇತ್ತು. ಆ ಅಳತೆ ಅವರಪ್ಪನ ಕಾಲದ್ದು. ಅದರ ಮೇಲೆ ಒಂದು ಕಾಳು ಹೆಚ್ಚಿಲ್ಲ. ಹಾರಿಸ್ತಿದ್ದದ್ದೂ ಬಹಳ ಸಲ ಆಕಾಶಕ್ಕೇ. ಢಮ್ ಅಂದ್ರೆ ಸಾಕು, ಹಂದಿ ಓಡಿ ಹೋಗ್ತಿದ್ದವು.

ಆ ವರ್ಷ ಅಜ್ಜನಿಗೆ ಹುಷಾರಿರಲಿಲ್ಲ. ಹೊಲ ಕಾಯೋಕೆ ಕಾಕಾ ಹೋಗ್ತಿದ್ದ. ಮಳೆಗಾಲದಾಗ ಕರಿಮದ್ದು ಹಸಿಯಾಗಿ ಎರಡು ಮೂರು ಸಲ ಠುಸ್ ಅಂತು. ಕಾಕಾನಿಗೆ ಬ್ಯಾಸರ ಆಯ್ತು. ಊರಿಗೆ ಬಂದಿದ್ದ ಪರಿಚಯದವರೊಬ್ಬರನ್ನ ಕೇಳಿದ: "ಇದಕ್ಕಿಂತ ಜೋರ್ ಮದ್ದು ಯಾವುದರೆ ಐತೇನು?" ಅವರು ತಮ್ಮ ಹತ್ತಿರ ಇದ್ದ ನಾಲ್ಕಾರು ಕಾರ್ಖಾನೆ ಕಾಡತೂಸು ಬಿಚ್ಚಿ ಒಳಗಿನ ಪುಡಿ ಕೊಟ್ಟರು. "ಇದು ಹೊಗಿ ಬಿಡೂದಿಲ್ಲ, ಹಸಿ ಆಗೂದಿಲ್ಲ, ಬೆಂಕಿ ಅಂದ್ರ ಬೆಂಕಿ" ಅಂದ್ರು. ಬೂದು ಬಣ್ಣದ ಸಣ್ಣ ಸಣ್ಣ ಬಿಲ್ಲೆ. ನಾನೇ ಕೈಯಾಗ ಹಿಡಿದು ನೋಡಿದ್ದೆ.

ಕಾಕಾ ಅಜ್ಜನ ಅದೇ ಕೊಳವೆಯಲ್ಲಿ ಅಳೆದು ಹಾಕಿದ. ರಾತ್ರಿ ಹನ್ನೊಂದರ ಸುಮಾರಿಗೆ ಸದ್ದು ಕೇಳ್ತು. ದಿನಾ ಕೇಳ್ತಿದ್ದ ಸದ್ದು ಅದಾಗಿರಲಿಲ್ಲ. ಅಜ್ಜ ಹಾಸಿಗೆಯಿಂದ ಎದ್ದು ಕುಂತು, "ನಳಿಗಿ ಹೋತು" ಅಂದ. ನೋಡಿಯೇ ಇಲ್ಲ, ಸದ್ದಿನ ಮೇಲೆ ಹೇಳಿದ.

ಟ್ರ್ಯಾಕ್ಟರ್ ಮೇಲೆ ಹಾಕ್ಕೊಂಡು, ಅಲ್ಲಿಂದ ಜೀಪು ಮಾಡ್ಕೊಂಡು ಹುಬ್ಬಳ್ಳಿಗೆ ಒಯ್ದರು. ಜೀವ ಉಳೀತು. ತಿಂಗಳಾದ ಮೇಲೆ ಮನೆಗೆ ಬಂದ ಕಾಕಾ ಕಟ್ಟೆ ಮೇಲೆ ಕುಂತು ಒಂದೇ ಮಾತು ಹೇಳ್ತಿದ್ದ: "ನಾ ಹೆಚ್ಚ ಹಾಕಿಲ್ಲಪ. ಅಳತಿ ಅದ ಇತ್ತು."

ಹೌದು, ಅಳತೆ ಅದೇ ಇತ್ತು. ಮದ್ದು ಬೇರೆ ಇತ್ತು. ಇದರಾಗ ಏನು ತಪ್ಪಾಯ್ತು ಅಂತ ನನಗೆ ತಿಳಿಯೋದಕ್ಕೆ ಬಿ.ಎಸ್ಸಿ. ಮಾಡಬೇಕಾಯ್ತು.

ಹತ್ತಿಕಟಗಿ ಮತ್ತು ಜಾಲಿ ಬೊಡ್ಡಿ

ನಿಮ್ಮ ಮನೆಯಲ್ಲಿ ಅವ್ವನೋ ಅಮ್ಮನೋ ಕಟ್ಟಿಗೆ ಒಲೆ ಹಚ್ಚೋದನ್ನ ನೋಡಿರ್ತೀರಿ. ಒಣಗಿದ ಹತ್ತಿಕಟಗಿ ಹಾಕಿದ್ರೆ ಭರ್ ಅಂತ ಉರಿದು ಎರಡು ನಿಮಿಷಕ್ಕೆ ಬೂದಿ. ಅಷ್ಟೇ ತೂಕದ ಜಾಲಿ ಬೊಡ್ಡಿ ಹಾಕಿದ್ರೆ ರೊಟ್ಟಿ ಬಡಿದು ಮುಗಿಯೋವರೆಗೂ ಕಾವು ಇರ್ತದೆ. ಎರಡರಲ್ಲೂ ಇರೋ ಶಾಖ ಹೆಚ್ಚು ಕಡಿಮೆ ಅಷ್ಟೇ. ವ್ಯತ್ಯಾಸ ಎಲ್ಲಿ? ಆ ಶಾಖ ಎಷ್ಟು ಹೊತ್ತಿನಲ್ಲಿ ಹೊರಗೆ ಬರ್ತದೆ ಅನ್ನೋದರಲ್ಲಿ.

ಬಂದೂಕಿನ ಮದ್ದೂ ಹಂಗೇ. ಅದು ಬಾಂಬಿನ ಹಾಗೆ ಸಿಡೀಬಾರದು, ಉರೀಬೇಕು. ಬಹಳ ಬೇಗ ಉರೀಬೇಕು, ಆದ್ರೆ ಲೆಕ್ಕದಲ್ಲಿ ಉರೀಬೇಕು. ಉರಿದಾಗ ಅನಿಲ ಹುಟ್ತದೆ, ಅದು ಗುಂಡನ್ನು ನಳಿಗೆಯುದ್ದಕ್ಕೂ ತಳ್ತದೆ. ಗುಂಡು ಮುಂದೆ ಹೋದಂಗೆ ಹಿಂದೆ ಜಾಗ ದೊಡ್ಡದಾಗ್ತಾ ಹೋಗ್ತದೆ. ಆ ಜಾಗ ದೊಡ್ಡದಾಗೋ ವೇಗಕ್ಕೂ ಅನಿಲ ಹುಟ್ಟೋ ವೇಗಕ್ಕೂ ಹೊಂದಾಣಿಕೆ ಇರಬೇಕು. ಅನಿಲ ನಿಧಾನ ಆದ್ರೆ ಗುಂಡು ನಳಿಗೆಯಲ್ಲೇ ಸಿಕ್ಕಿಕೊಳ್ಳಬಹುದು. ಜೋರಾದ್ರೆ ಗುಂಡು ಜರುಗೋ ಮೊದಲೇ ಒತ್ತಡ ಏರಿ ಲೋಹ ಹರಿದು ಹೋಗ್ತದೆ.

ಆ ಒತ್ತಡ ಎಷ್ಟು ಗೊತ್ತಾ? ನಿಮ್ಮ ಬೈಕಿನ ಟೈರಿಗೆ ಸುಮಾರು 30 ಪಿಎಸ್‌ಐ ಗಾಳಿ ಹೊಡೆಸ್ತೀರಿ. ಈಗಿನ ಒಂದು ರೈಫಲ್ ಕಾಡತೂಸಿನೊಳಗೆ ಒಂದು ಕ್ಷಣಕ್ಕೆ ಏರೋ ಒತ್ತಡ 50,000ದಿಂದ 60,000 ಪಿಎಸ್‌ಐ. ಇದೆಲ್ಲ ಸುಮಾರು ಸೆಕೆಂಡಿನ ಸಾವಿರದ ಒಂದು ಪಾಲಿನಲ್ಲಿ ಮುಗಿದು ಹೋಗ್ತದೆ.

ಅದಕ್ಕೇ ಆ ವಿಡಿಯೊದವನ ಕಪಾಟಿನಲ್ಲಿ ಅಷ್ಟು ಡಬ್ಬಿ. ಅವು ಕಡಿಮೆ ಸ್ಟ್ರಾಂಗ್, ಹೆಚ್ಚು ಸ್ಟ್ರಾಂಗ್ ಅಂತ ಜೋಡಿಸಿದ್ದಲ್ಲ. ಬೇಗ ಉರಿಯೋದು, ನಿಧಾನ ಉರಿಯೋದು ಅಂತ. ಪಿಸ್ತೂಲಿನ ಗಿಡ್ಡ ನಳಿಗೆಗೆ, ಚರೆಯ ಬಂದೂಕಿನ ಅಗಲ ನಳಿಗೆಗೆ ಬೇಗ ಉರಿಯೋದು ಬೇಕು. ರೈಫಲ್ಲಿನ ಉದ್ದನೆಯ ಕಿರಿದಾದ ನಳಿಗೆಯಲ್ಲಿ ಭಾರದ ಗುಂಡು ತಳ್ಳೋಕೆ ನಿಧಾನ ಉರಿಯೋದು ಬೇಕು. ಅದನ್ನ ಇದಕ್ಕೆ ಹಾಕಿದ್ರೆ ಏನಾಗ್ತದೆ ಅನ್ನೋದಕ್ಕೆ ನಮ್ಮ ಕಾಕಾನ ಕೈ ಸಾಕ್ಷಿ.

ಮದ್ದು ಬೀಸುವ ಕಲ್ಲು

ಇದು ಅಮೆರಿಕದವರು ಕಂಡುಹಿಡಿದ ವಿದ್ಯೆ ಅಂತ ತಿಳೀಬ್ಯಾಡ್ರಿ. ನಮ್ಮ ಕೋಟೆಯವರಿಗೂ ಇದು ಗೊತ್ತಿತ್ತು.

ಚಿತ್ರದುರ್ಗಕ್ಕೆ ಟ್ರಿಪ್ ಹೋದವರು ಕೋಟೆಯಲ್ಲಿ ಮದ್ದು ಬೀಸುವ ಕಲ್ಲು ನೋಡಿರ್ತೀರಿ. ಒಂದು ಗುಂಡಿಯೊಳಗೆ ಆಳೆತ್ತರದ ಗುಂಡಗಿನ ಬೀಸುಕಲ್ಲುಗಳು. ಕೋಣವನ್ನೋ ಆನೆಯನ್ನೋ ಕಟ್ಟಿ ತಿರುಗಿಸ್ತಿದ್ದರು ಅಂತ ಅಲ್ಲಿ ಹೇಳ್ತಾರೆ. ಬಹಳ ಜನ ಅದರ ಮುಂದೆ ಸೆಲ್ಫಿ ತೊಗೊಂಡು ಬರ್ತಾರೆ. ಆದ್ರೆ ಕರಿಮದ್ದಿನ ಅರ್ಧ ಗುಟ್ಟು ಆ ಕಲ್ಲಿನಲ್ಲೇ ಇದೆ. ಪೆಟ್ಲುಪ್ಪು, ಗಂಧಕ, ಇದ್ದಿಲು ಇವು ಮೂರೂ ಒಂದರೊಳಗೊಂದು ಎಷ್ಟು ನುಣ್ಣಗೆ ಬೆರೀತಾವೆ ಅನ್ನೋದರ ಮೇಲೆ ಮದ್ದಿನ ಗುಣ ನಿಂತಿರ್ತದೆ. ಆಮೇಲೆ ಕಾಳಿನ ಗಾತ್ರ. ಸಣ್ಣ ಕಾಳು ಬೇಗ ಉರೀತದೆ, ದಪ್ಪ ಕಾಳು ನಿಧಾನ. ಅದಕ್ಕೇ ಕೈಬಂದೂಕಿಗೆ ಸಣ್ಣ ಕಾಳಿನ ಮದ್ದು, ತೋಪಿಗೆ ದಪ್ಪ ಕಾಳಿನ ಮದ್ದು. ನಮ್ಮವ್ವ ಉಪ್ಪಿಟ್ಟಿಗೊಂದು ರವೆ, ಉಂಡಿಗೊಂದು ರವೆ ಅಂತ ಜರಡಿ ಹಿಡೀತಿದ್ದಳಲ್ಲ, ಹಂಗೆ.

ನಮ್ಮ ಕೊಪ್ಪಳದ ಕೋಟೆಯನ್ನೇ ತೊಗೊಳ್ರಿ. ಟಿಪ್ಪು ಸುಲ್ತಾನ್ ಅದನ್ನ 1786ರಲ್ಲಿ ಒಬ್ಬ ಪಾಳೆಯಗಾರನಿಂದ ಪಡೆದು ಫ್ರೆಂಚ್ ಎಂಜಿನಿಯರುಗಳ ಸಹಾಯದಿಂದ ಮತ್ತೆ ಕಟ್ಟಿಸಿದ. 1790ರಲ್ಲಿ ನಿಜಾಮ ಮತ್ತು ಇಂಗ್ಲಿಷ್ ಕಂಪನಿಯ ಸೈನ್ಯ ಬಂದು ಮುತ್ತಿಗೆ ಹಾಕ್ತು. ತಿಂಗಳುಗಟ್ಟಲೆ ಹೊಡೆದರೂ ಕೋಟೆ ಬಗ್ಗಲಿಲ್ಲ. 1791ರ ಮಾರ್ಚ್‌ನಲ್ಲಿ ಬೆಂಗಳೂರು ಕೋಟೆ ಬಿದ್ದ ಮೇಲೆ, ಏಪ್ರಿಲ್‌ನಲ್ಲಿ ಕೊಪ್ಪಳ ಶರಣಾಯ್ತು. ಇಂಥ ಮುತ್ತಿಗೆಯಲ್ಲಿ ಎರಡೂ ಕಡೆಯವರಿಗೂ ಗೋಡೆ ಎಷ್ಟು ಮುಖ್ಯವೋ ಮದ್ದಿನ ಮನೆ ಅಷ್ಟೇ ಮುಖ್ಯ. ಮದ್ದು ಹಸಿಯಾದ್ರೆ ತೋಪು ಬರೀ ಕೊಳವೆ.

ಹತ್ತಿಯೇ ಮದ್ದಾಯ್ತು

ಕರಿಮದ್ದಿನ ಒಂದು ತಾಪತ್ರಯ ಏನಂದ್ರೆ, ಉರಿದ ಮೇಲೆ ಅದರ ಅರ್ಧಕ್ಕಿಂತ ಹೆಚ್ಚು ಭಾಗ ಅನಿಲ ಆಗೋದೇ ಇಲ್ಲ. ಹೊಗೆಯಾಗಿ, ಮಸಿಯಾಗಿ ಉಳೀತದೆ. ಇದು ದೋಷ ಹೌದು. ಆದ್ರೆ ಅಜ್ಜನ ಬಂದೂಕಿಗೆ ಇದೇ ರಕ್ಷಣೆ ಆಗಿತ್ತು. ಆ ನಳಿಗೆ ತಡೆಯೋ ಒತ್ತಡ ಅಷ್ಟೇ.

1846ರಲ್ಲಿ ಸ್ವಿಟ್ಜರ್ಲೆಂಡಿನ ಶೋನ್‌ಬೈನ್ ಅನ್ನೋ ವಿಜ್ಞಾನಿ ಹತ್ತಿಯನ್ನ ಆಮ್ಲದಲ್ಲಿ ಸಂಸ್ಕರಿಸಿ ಹೊಸ ವಸ್ತು ಮಾಡಿದ. ನೋಡೋಕೆ ಹತ್ತಿಯೇ. ಹೊಗೆ ಇಲ್ಲ, ಶಕ್ತಿ ಬಹಳ. ಎಲ್ಲರೂ ಹಿಗ್ಗಿದರು. ಆದ್ರೆ ಬಂದೂಕಿಗೆ ಹಾಕಿದ್ರೆ ನಳಿಗೆ ಒಡೀತಿತ್ತು. 1847ರಲ್ಲಿ ಇಂಗ್ಲೆಂಡಿನ ಫೇವರ್‌ಶಾಮ್‌ನಲ್ಲಿ ಅದನ್ನ ತಯಾರಿಸೋ ಕಾರ್ಖಾನೆಯೇ ಸಿಡಿದು ಹಲವರು ಸತ್ತರು. ಯಾಕೆ? ಶಕ್ತಿ ಇತ್ತು, ಲಗಾಮು ಇರಲಿಲ್ಲ.

ಆ ಲಗಾಮು ಸಿಗೋಕೆ ಸುಮಾರು ನಲವತ್ತು ವರ್ಷ ಬೇಕಾಯ್ತು. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೇಲ್ ಅದೇ ವಸ್ತುವನ್ನ ಕಣಕದ ಹಾಗೆ ಮಾಡಿ, ತೆಳ್ಳಗೆ ಲಟ್ಟಿಸಿ, ಸಣ್ಣ ಬಿಲ್ಲೆಗಳಾಗಿ ಕತ್ತರಿಸಿದ. ಹತ್ತಿಯ ಎಳೆಯಲ್ಲಿ ಬೆಂಕಿ ಒಳಗೆ ಹೊರಗೆ ಎಲ್ಲಾ ಕಡೆ ಒಮ್ಮೆಗೇ ಹೋಗ್ತಿತ್ತು. ಬಿಲ್ಲೆಯಲ್ಲಿ ಮೇಲಿನ ಪದರದಿಂದ ಒಳಗಿನ ಪದರಕ್ಕೆ ಸಾಲಾಗಿ ಹೋಗ್ತದೆ. ಬಿಲ್ಲೆ ಎಷ್ಟು ದಪ್ಪ, ಎಂಥ ಆಕಾರ, ನಡುವೆ ತೂತು ಇದೆಯೋ ಇಲ್ಲವೋ, ಮೇಲೆ ಎಂಥ ಲೇಪ ಇದೆ, ಇವುಗಳಿಂದ ಉರಿಯೋ ವೇಗ ನಿರ್ಧಾರ ಆಗ್ತದೆ. ಇವತ್ತಿನ ಎಲ್ಲ ರೈಫಲ್ ಪೌಡರ್‌ಗಳೂ ಅದರ ಮೊಮ್ಮಕ್ಕಳೇ. ಬ್ರಿಟಿಷರು ತಮ್ಮದನ್ನ 1889ರಲ್ಲಿ ಮಾಡಿ ದಾರದ ಹಾಗೆ ಎಳೆದರು, ಕಾರ್ಡೈಟ್ ಅಂತ ಹೆಸರಿಟ್ಟರು. ನಮ್ಮ ರಾಜ್ಯದ ಗಡಿಗೆ ಅಂಟಿಕೊಂಡ ನೀಲಗಿರಿಯ ಅರುವಂಕಾಡಿನಲ್ಲಿ ಇವತ್ತಿಗೂ ಸರ್ಕಾರಿ ಕಾರ್ಡೈಟ್ ಕಾರ್ಖಾನೆ ಇದೆ.

ನಮ್ಮ ಎರೆಹೊಲದಲ್ಲಿ ಬೆಳೆಯೋ ಹತ್ತಿಯೇ, ನೋಡ್ರಿ. ಕಾಕಾ ಅವತ್ತು ಕೊಳವೆಯಲ್ಲಿ ಅಳೆದದ್ದು ಈ ಬಿಲ್ಲೆಯನ್ನ. ಕರಿಮದ್ದಿಗೆ ಮಾಡಿದ ಅಳತೆಯಲ್ಲಿ, ಅದಕ್ಕಿಂತ ಹಲವು ಪಟ್ಟು ಒತ್ತಡ ಹುಟ್ಟಿಸೋ ವಸ್ತುವನ್ನ, ಅಷ್ಟು ಒತ್ತಡ ತಡೆಯದ ನಳಿಗೆಗೆ ಹಾಕಿದ.

ಕಲ್ಲು ಕ್ವಾರಿಯ ಲೆಕ್ಕ

ಕುಷ್ಟಗಿ ಕಡೆಯ ಹುಡುಗರು ಇದನ್ನ ನನಗಿಂತ ಚೆಂದ ಬಲ್ಲರು. ಕುಷ್ಟಗಿ, ಇಳಕಲ್ ಸುತ್ತ ಕೆಂಪು ಗ್ರಾನೈಟ್ ಕ್ವಾರಿ ಇದಾವೆ. ಜಲ್ಲಿ ಮಾಡೋ ಕಲ್ಲಿಗೆ ಜೋರಾಗಿ ಸಿಡಿಯೋ ಸ್ಫೋಟಕ ನಡೀತದೆ. ಆದ್ರೆ ಪಾಲಿಶ್ ಮಾಡಿ ಮಾರೋ ದೊಡ್ಡ ಬ್ಲಾಕ್ ಬೇಕಂದ್ರೆ ಅದು ನಡೆಯೋದಿಲ್ಲ. ಕಲ್ಲಿನೊಳಗೆ ಕಣ್ಣಿಗೆ ಕಾಣದ ಬಿರುಕು ಬಿದ್ದು ಮಾಲೇ ಹಾಳು. ಅಲ್ಲಿ ನಿಧಾನವಾಗಿ ನೂಕೋ ಕರಿಮದ್ದನ್ನೇ ಬಳಸ್ತಿದ್ದರು. ಈಗ ವಜ್ರದ ಹರಳು ಕೂಡಿಸಿದ ವೈರ್‌ನಿಂದ ಕೊಯ್ಯೋದೇ ಹೆಚ್ಚು.

ಅಂದ್ರೆ ಏನಾಯ್ತು? ಕ್ವಾರಿಯಲ್ಲಿ "ಸ್ಟ್ರಾಂಗ್" ಅಂದ್ರೆ ನಷ್ಟ, ಬಂದೂಕಿನಲ್ಲಿ "ಸ್ಟ್ರಾಂಗ್" ಅಂದ್ರೆ ಅಪಾಯ. ಕೆಲಸ ಏನು ಅಂತ ತಿಳಿದ ಮೇಲೆಯೇ ಯಾವ ಮದ್ದು ಅನ್ನೋ ಪ್ರಶ್ನೆ.

ಇನ್ನೊಂದು ವಿಷಯ, ನಮ್ಮ ಬ್ಯಾಸಿಗಿ. ಬಿಸಿಯಾದ ಪೌಡರ್ ಇನ್ನೂ ಬೇಗ ಉರೀತದೆ, ಒತ್ತಡ ಏರ್ತದೆ. ತಂಪು ದೇಶದಲ್ಲಿ ಸರಿಹೋದ ಲೆಕ್ಕ ಏಪ್ರಿಲ್ ತಿಂಗಳ ಕೊಪ್ಪಳದ ಬಿಸಿಲಿನಲ್ಲಿ ಸರಿಹೋಗ್ತದೆ ಅಂತ ಹೇಳೋಕಾಗಲ್ಲ. ಕಾರ್ಖಾನೆಗಳಲ್ಲಿ ಪ್ರತಿ ಬ್ಯಾಚಿನ ಪೌಡರನ್ನೂ ಒತ್ತಡ ಅಳೆಯೋ ನಳಿಗೆಯಲ್ಲಿ ಹಾರಿಸಿ ನೋಡ್ತಾರೆ. ಒಂದೇ ಹೆಸರಿನ ಪೌಡರ್ ಕೂಡ ಬ್ಯಾಚಿನಿಂದ ಬ್ಯಾಚಿಗೆ ಸ್ವಲ್ಪ ಬದಲಾಗ್ತದೆ. ಮೂವತ್ತು ಸೆಕೆಂಡಿನ ರೀಲ್ಸ್‌ನಲ್ಲಿ ಇದ್ಯಾವುದೂ ಬರೋದಿಲ್ಲ.

ಕಾನೂನು ಯಾಕೆ ಅಡ್ಡ ಬರ್ತದೆ?

ನಮ್ಮ ಹುಡುಗ ಕೇಳಿದ: "ಹಂಗಾರ ನಮ್ಮ ದೇಶದಾಗ ಇದನ್ನ ಯಾಕ ಬಿಡೂದಿಲ್ಲ ಸರ್? ಬ್ರಿಟಿಷರು ಮಾಡಿದ ಕಾನೂನು ಇನ್ನೂ ಇಟ್ಕೊಂಡೀವಲ್ಲ?"

ಪ್ರಶ್ನೆ ಸಣ್ಣದಲ್ಲ. 1857ರಲ್ಲಿ ಕಂಪನಿ ಸರ್ಕಾರ ಆಯುಧ ಒಪ್ಪಿಸ್ರಿ ಅಂತ ಹುಕುಂ ಹೊರಡಿಸಿದಾಗ ಮುಧೋಳ ಸೀಮೆಯ ಹಲಗಲಿ ಬೇಡರು ಒಪ್ಪಲಿಲ್ಲ, ಜೀವ ಕೊಟ್ಟರು. ಮರುವರ್ಷ ಹಮ್ಮಿಗಿಯ ಕೆಂಚನಗೌಡರ ಮನೆಯಲ್ಲಿ ಕೂಡಿಟ್ಟಿದ್ದ ಆಯುಧ ಅಧಿಕಾರಿಗಳ ಕಣ್ಣಿಗೆ ಬಿತ್ತು. ಅಲ್ಲಿಂದ ಮುಂಡರಗಿ ಭೀಮರಾಯರ ಬಂಡಾಯ ಬಯಲಿಗೆ ಬಂತು. ಅದು ಮುಗಿದದ್ದು ನಮ್ಮ ಕೊಪ್ಪಳ ಕೋಟೆಯಲ್ಲಿ. 1858ರ ಜೂನ್ ಮೊದಲಿಗೆ ಭೀಮರಾಯರೂ ಕೆಂಚನಗೌಡರೂ ಅಲ್ಲೇ ಹೋರಾಡಿ ಮಡಿದರು. ಆಯುಧ, ಮದ್ದು ಯಾರ ಕೈಯಲ್ಲಿರಬೇಕು ಅನ್ನೋ ಪ್ರಶ್ನೆಗೆ ಈ ನೆಲದಲ್ಲಿ ರಕ್ತ ಹರಿದಿದೆ. ಅದನ್ನ ನಾನು ಹಗುರ ಮಾಡೋದಿಲ್ಲ.

ಆದ್ರೆ ಈಗಿರೋದು ಸ್ವಾತಂತ್ರ್ಯದ ನಂತರ ನಮ್ಮದೇ ಸಂಸತ್ತು ಮಾಡಿದ 1959ರ ಆಯುಧ ಕಾಯ್ದೆ. ಅದರ ಪ್ರಕಾರ ಪರವಾನಗಿ ಇಲ್ಲದೆ ಕಾಡತೂಸು ತಯಾರಿಸೋದು ಅಪರಾಧ. 2019ರ ತಿದ್ದುಪಡಿ ಆದ ಮೇಲೆ ಶಿಕ್ಷೆ ಕನಿಷ್ಠ ಏಳು ವರ್ಷ, ಜೀವಾವಧಿಯವರೆಗೂ ಹೋಗಬಹುದು. ಬಂದೂಕು ಇಟ್ಟುಕೊಳ್ಳೋ ಲೈಸೆನ್ಸ್ ಇದ್ದ ಮಾತ್ರಕ್ಕೆ ಮದ್ದು ತುಂಬೋ ಹಕ್ಕು ಬಂತು ಅಂತ ಅರ್ಥ ಅಲ್ಲ. ಕಾನೂನಿನ ಮಾತು ಬಿಡ್ರಿ ಅಂದ್ರೂ ನನಗೆ ಕಾಕಾನ ಕೈ ಕಣ್ಣ ಮುಂದೆ ಇದೆ. ಅವತ್ತು ಯಾವ ಬ್ರಿಟಿಷನೂ ಅಲ್ಲಿರಲಿಲ್ಲ.

ಇನ್ನೊಂದು ಮಾತು ಒತ್ತಿ ಹೇಳ್ತೀನಿ. ದೀಪಾವಳಿ ಪಟಾಕಿ ಬಿಚ್ಚಿ ಪುಡಿ ತೆಗೆಯೋ ಹುಡುಗರಿದ್ದೀರಿ. ಪಟಾಕಿಯ ಪುಡಿ ಬಂದೂಕಿನ ಮದ್ದೇ ಅಲ್ಲ, ಅದಕ್ಕಿಂತ ಬಹಳ ಬೇಗ ಸಿಡೀತದೆ. ಉಜ್ಜಿದ್ರೂ ಸಾಕು. ಹಂದಿಗೆ ಅಂತ ಹೊಲದಲ್ಲಿ ಸಿಡಿಮದ್ದಿನ ಉಂಡೆ ಇಡೋದಂತೂ ಬ್ಯಾಡವೇ ಬ್ಯಾಡ. ಅದನ್ನ ಹಂದಿಯೇ ತಿಂತದೆ ಅಂತ ಯಾರು ಹೇಳಿದರು? ಮೇಯೋಕೆ ಬಿಟ್ಟ ಆಕಳು ಬಾಯಿ ಹಾಕಿ ದವಡೆ ಹರಿದುಕೊಂಡದ್ದನ್ನ ಪೇಪರಿನಲ್ಲಿ ಓದಿರ್ತೀರಿ. ಬೆಳೆ ಹಾಳಾದ್ರೆ ಅರಣ್ಯ ಇಲಾಖೆಗೆ ಅರ್ಜಿ ಕೊಡ್ರಿ, ಪರಿಹಾರಕ್ಕೆ ಬೆನ್ನು ಹತ್ತಿರಿ. ತಡ ಆಗ್ತದೆ, ಗೊತ್ತು. ಕೈ ಹೋದ್ರೆ ಬರೋದಿಲ್ಲ.

ಗುರಿ ಇಡೋ ಆಸೆ ಇದ್ರೆ

ಬಂದೂಕಿನ ಮೇಲೆ ಆಸಕ್ತಿ ಇರೋದು ತಪ್ಪಲ್ಲ. ನಾನೂ ಎನ್‌ಸಿಸಿಯಲ್ಲಿ ಪಾಯಿಂಟ್ ಟೂ ಟೂ ರೈಫಲ್ ಹಾರಿಸಿದವನು. ಮೊದಲ ಗುಂಡು ಹಾರಿಸಿದಾಗ ಕೈ ನಡುಗಿತ್ತು, ಕಾರಣ ನಿಮಗೆ ಗೊತ್ತೇ ಇದೆ.

2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು 10 ಮೀಟರ್ ಏರ್ ರೈಫಲ್‌ನಲ್ಲಿ. ಅದರಲ್ಲಿ ಮದ್ದೇ ಇಲ್ಲ, ಬರೀ ಒತ್ತಿಟ್ಟ ಗಾಳಿ. 2024ರ ಪ್ಯಾರಿಸ್‌ನಲ್ಲಿ ನಮ್ಮ ಪಕ್ಕದ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದದ್ದು 50 ಮೀಟರ್ ರೈಫಲ್‌ನಲ್ಲಿ. ಅದು ಪಾಯಿಂಟ್ ಟೂ ಟೂ. ಆ ಕಾಡತೂಸನ್ನ ಯಾರೂ ಮನೆಯಲ್ಲಿ ತುಂಬೋದಿಲ್ಲ. ದೊಡ್ಡ ದೊಡ್ಡ ಶೂಟರ್‌ಗಳು ಮಾಡೋದು ಇಷ್ಟೇ: ಕಾರ್ಖಾನೆಯಿಂದ ಬಂದ ಬೇರೆ ಬೇರೆ ಬ್ಯಾಚಿನ ಕಾಡತೂಸುಗಳನ್ನ ತಮ್ಮ ರೈಫಲ್‌ನಲ್ಲಿ ಹಾರಿಸಿ, ಯಾವ ಬ್ಯಾಚು ತಮ್ಮ ನಳಿಗೆಗೆ ಹೊಂದ್ತದೆ ಅಂತ ನೋಡಿ ಅದನ್ನೇ ಕೊಳ್ಳೋದು. ಅವರೂ ಹುಡುಕೋದು ಜೋರನ್ನಲ್ಲ, ಹೊಂದಾಣಿಕೆಯನ್ನ. ಆಸೆ ಇದ್ದವರು ಕಾಲೇಜಿನ ಎನ್‌ಸಿಸಿ ಸೇರ್ಕೊಳ್ರಿ, ಏರ್ ರೈಫಲ್ ಕಲಿಸೋ ಕ್ಲಬ್ ಹುಡುಕ್ರಿ.

ಕೊನೆಗೆ ಆ ಹುಡುಗನಿಗೆ ನಾನು ಕೊಟ್ಟ ಉತ್ತರ. "ಸ್ಟ್ರಾಂಗ್ ಯಾವ್ದು ಅಂತ ಕೇಳಬ್ಯಾಡಪ. ಯಾವ ನಳಿಗೆಗೆ, ಯಾವ ಗುಂಡಿಗೆ, ಎಷ್ಟು ವೇಗ, ಅಳೆದವರು ಯಾರು ಅಂತ ಕೇಳು. ಈ ನಾಲ್ಕಕ್ಕೆ ಉತ್ತರ ನಿನ್ನ ಹತ್ತಿರ ಇಲ್ಲ ಅಂದ್ರೆ ಡಬ್ಬಿ ಮುಟ್ಟಬ್ಯಾಡ."

ಅಂವ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಸರ್, ನಿಮ್ಮ ಕಾಕಾ ಈಗ ಹ್ಯಾಂಗ ಅದಾರ?" ಅಂದ.

ಚಲೋ ಅದಾನ. ಈಗಲೂ ಹೊಲಕ್ಕೆ ಹೋಗ್ತಾನ. ಆ ಬಂದೂಕಿನ ಹರಿದ ನಳಿಗೆಯನ್ನ ಅಜ್ಜ ಠಾಣೆಗೆ ಒಪ್ಪಿಸಿ, ಲೈಸೆನ್ಸೂ ವಾಪಸ್ ಕೊಟ್ಟು ಬಂದ. ಹಿತ್ತಾಳೆ ಕೊಳವೆ ಮಾತ್ರ ಮನೆಯಲ್ಲೇ ಉಳೀತು. ನಮ್ಮವ್ವ ಅದರಾಗ ಈಗ ಸಾಸಿವೆ ಅಳೀತಾಳ.